ಸೇಸಮ್ಮ ಒಲೆಗೆ ಹೊಯ್ದ ನೀರು

ಪುಂಜಾಲಕಟ್ಟೆಯಲ್ಲಿ ಬೀಡಿ ಕಟ್ಟುತ್ತಿದ್ದ ಸೇಸಮ್ಮನ ಮೇಲೆ ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಧಣಿಯ ತಮ್ಮ ಬಲಾತ್ಕಾರ ಮಾಡಿದ. "ಮೈಲಿಗೆ ಕಳೆದು ಹೋಗಲಿ ಮಗಾ" ಎಂದು ಅಜ್ಜಿ ತಲೆಗೆ ನೀರು ಹೊಯ್ದು, ಸೀರೆಯನ್ನೂ ಒಗೆದು ಹಾಕಿದಳು. ಠಾಣೆಯಲ್ಲಿ ಕೇಳಿದ್ದು ಅದೇ ಸೀರೆಯನ್ನು. "ಸಾಕ್ಷಿಯನ್ನೇ ತೊಳೆದು ಬಂದಿದ್ದೀಯಲ್ಲ ಮಾರಾಯ್ತಿ!" ಎಂದು ನಕ್ಕರು. ಕೇಸು ನಿಲ್ಲಲಿಲ್ಲ, ಬಂದ ಸಂಬಂಧವೂ ನಿಲ್ಲಲಿಲ್ಲ.

ಹನ್ನೆರಡು ವರ್ಷ ಕಳೆದು ಅದೇ ಮನುಷ್ಯನ ಕೈಗೆ ನೆರೆಮನೆಯ ಇಪ್ಪತ್ತರ ಲೋಲಾಕ್ಷಿ ಸಿಕ್ಕಿದಳು. ಅವಳ ತಾಯಿ ಆಗಲೇ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿದ್ದಳು. ಸೇಸಮ್ಮ ಓಡಿ ಬಂದು ಅದೇ ನೀರನ್ನು ಮೊಗೆದು ಒಲೆಗೆ ಹೊಯ್ದಳು.

"ಊರಿಗೆ ಗೊತ್ತಾದರೆ ಇವಳನ್ನು ಯಾರು ಮದುವೆಯಾಗ್ತಾರೆ ಅಕ್ಕಾ?" ತಾಯಿ ಅತ್ತಳು.

"ಸುಮ್ಮನಿದ್ದರೆ ನಾಳೆ ಇನ್ನೊಬ್ಬಳು ಉಂಟಲ್ಲ? ಬಾ ಮಗಾ, ಹೀಗೇ ಠಾಣೆಗೆ ಹೋಗುವ."

ಬೆಳ್ತಂಗಡಿಯ ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಸೇಸಮ್ಮ ಲೋಲಾಕ್ಷಿಯನ್ನು ಕಿಟಕಿಯ ಬದಿಗೆ ಕೂರಿಸಿ, ತಾನು ಅಡ್ಡ ಕೂತಳು.