ಅಕ್ಕನ ಎದೆಬಡಿತ

ಬೆಳಗಿನ ಜಾವ. ಬೀದಿಯಲ್ಲಿ ವಾಹನಗಳ ಗದ್ದಲ ಏಳುವ ಮೊದಲೇ ಕೆಲಸ ಮುಗಿಯಬೇಕು. ಸ್ಟುಡಿಯೋದ ಕಿಟಕಿಯಿಲ್ಲದ ಕೋಣೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ನೀರು ತುಂಬಿದ ರಬ್ಬರ್ ಚೀಲವನ್ನು ಮೈಕಿನ ಮುಂದಿಟ್ಟು ಹೆಬ್ಬೆರಳಿನಿಂದ ಮೆಲ್ಲನೆ ತಟ್ಟುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ಕೂತ ನನಗೆ ಹಾಳು ಕೆಮ್ಮು ಆಗಲೇ ಬರಬೇಕೆ? ಕಣ್ಣಲ್ಲೇ ಗದರುತ್ತಾರೆ.

ಇವರು ಎಲ್ಲರ ಬಾಯಲ್ಲೂ ‘ಸದ್ದಮ್ಮ’. ಪರದೆಯ ಮೇಲೆ ನಾಯಕ ನಡೆದರೆ ಹೆಜ್ಜೆಸದ್ದು ಇವರದು, ಬಾಗಿಲು ಕಿರುಗುಟ್ಟಿದರೆ ಅದೂ ಇವರದೇ. ಕಸ ಗುಡಿಸಲು ಬಂದವರು ನೋಡಿ ನೋಡಿಯೇ ಕಲಿತರು. ಒಂದು ಕಾಲಕ್ಕೆ ದಿನಕ್ಕೆ ಮೂವತ್ತು ಸದ್ದು ಮಾಡಿದ ಕೈಗೆ ಈಗ ವಾರಕ್ಕೊಂದು ಸಿಕ್ಕರೆ ಪುಣ್ಯ. ಕಂಪ್ಯೂಟರಿನಲ್ಲಿ ಸಿದ್ಧ ಸದ್ದುಗಳ ರಾಶಿಯೇ ಬಿದ್ದಿದೆ. ಈ ಬಾಹ್ಯಾಕಾಶದ ಸಿನಿಮಾದಲ್ಲಿ ಅವರ ಪಾಲಿಗೆ ಉಳಿದಿರುವುದು ಒಂದೇ ದೃಶ್ಯ. ಅದೂ ಇವತ್ತು ಕೈತಪ್ಪಬಹುದು.

ಕಥೆಯಲ್ಲಿ ಅಕ್ಕ, ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ನೌಕೆಯಲ್ಲಿ ಹೋಗುತ್ತಾಳೆ. ಮರಳಿ ಬಂದಾಗ ಅವಳಿನ್ನೂ ಮೂವತ್ತರ ಹರೆಯದವಳು, ಮನೆಯಲ್ಲಿದ್ದ ತಂಗಿ ಹಣ್ಣು ಹಣ್ಣು ಮುದುಕಿ.

“ನೌಕೇಲಿ ಕಾಲ ನಿಧಾನ ಅಂದ್ರಲ್ಲ, ಮೊದ್ಲು ಅಕ್ಕನ ಎದೆಬಡಿತಾನೂ ನಿಧಾನ ಮಾಡ್ಬಿಟ್ಟಿದ್ದೆ! ಟೀಚರಮ್ಮ ಬಿದ್ದೂ ಬಿದ್ದೂ ನಕ್ಕಳು” ಎಂದು ಸದ್ದಮ್ಮ ತಾವೂ ನಗುತ್ತಾರೆ.

ಟೀಚರಮ್ಮ ಎಂದರೆ ಚಿತ್ರತಂಡಕ್ಕೆ ವಿಜ್ಞಾನದ ಸಲಹೆ ಕೊಡುವ ಕಾಲೇಜು ಅಧ್ಯಾಪಕಿ. “ಭೂಮಿಯಿಂದ ಲೆಕ್ಕ ಹಾಕೋರಿಗೆ ಅದು ನಿಧಾನ. ಒಳಗಿರೋಳಿಗೆ ಊಟ, ನಿದ್ದೆ, ಎದೆಬಡಿತ ಎಲ್ಲಾ ಎಂದಿನ ಹಾಗೇ” ಎನ್ನುತ್ತಾರೆ ಅವರು. ಅದಕ್ಕೇ ಸದ್ದಮ್ಮ ಇವತ್ತು ಸಹಜ ವೇಗದಲ್ಲೇ ತಟ್ಟಿದ್ದಾರೆ.

ನಿರ್ದೇಶಕರು ಮಾತ್ರ ಒಪ್ಪಿಲ್ಲ. ನಿಧಾನವಾಗಿ ಬಡಿದರೇ ಜನಕ್ಕೆ ತಿಳಿಯುವುದು, ಇಲ್ಲದಿದ್ದರೆ ಕಂಪ್ಯೂಟರಿನ ಸದ್ದನ್ನೇ ಹಾಕಿಸುತ್ತೇನೆ ಎಂದಿದ್ದಾರೆ. ಈಗ ಬಂದು, ನಿಂತಲ್ಲೇ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಪರದೆಯ ಮೇಲೆ ಅಕ್ಕ ಹಾಯಾಗಿ ನಿದ್ದೆ ಹೋಗಿದ್ದಾಳೆ, ಎದೆ ತನ್ನ ಪಾಡಿಗೆ ಬಡಿಯುತ್ತಿದೆ. ಅತ್ತ ತಂಗಿಯ ಕೂದಲು ನರೆಯುತ್ತಿದೆ. ಸದ್ದಮ್ಮ ಸೆರಗಿನ ತುದಿ ಹಿಂಡುತ್ತಾ ಅವರ ಮುಖವನ್ನೇ ನೋಡುತ್ತಾರೆ.

“ಅಯ್ಯೋ, ಪಾಪ, ಅವಳಿಗೆ ಏನೂ ಗೊತ್ತಾಗ್ತಾನೇ ಇಲ್ವಲ್ಲಾ” ಎಂದು ನಿರ್ದೇಶಕರು ಹೆಡ್‌ಫೋನ್ ತೆಗೆಯುತ್ತಾರೆ. “ಇದೇ ಇರಲಿ.”

ನನಗೇ ಕೆಲಸ ಸಿಕ್ಕಷ್ಟು ಖುಷಿಯಾಗುತ್ತದೆ. ಬಡಿತ ಇಷ್ಟು ಸಹಜವಾಗಿ ಬಂದದ್ದು ಹೇಗೆ ಎಂದು ಕೇಳಿದರೆ, ಸದ್ದಮ್ಮ ತಮ್ಮ ಎಡಗೈಯ ನಾಡಿ ಹಿಡಿದು ತೋರಿಸುತ್ತಾರೆ.

“ಇದನ್ನ ಕೇಳ್ಕೊಂಡೇ ತಟ್ಟಿದ್ದು. ಮೂವತ್ತರ ಹುಡುಗಿ ಎದೇಲಿ ಬಡ್ಕೊಳ್ತಿರೋದು ಈ ಮುದುಕಿ ಹೃದಯ. ಯಾರಿಗಾದ್ರೂ ಗೊತ್ತಾಗುತ್ತಾ, ಹೇಳಿ ನೋಡೋಣ!”