ನಂಬರ್ ಒನ್ ಕೀಬೋರ್ಡಿನ ಧನಿಗಳು

ನಮ್ಮ ಆರ್ಕೆಸ್ಟ್ರಾದ ಧನಿಗಳು, ಎಂದರೆ ಯಜಮಾನರು, ಬಲಗೈಯ ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿ, ತುದಿಯನ್ನು ಚೂಪು ಮಾಡಿಕೊಂಡಿದ್ದರು. ಹೊಸ ಕೀಬೋರ್ಡು ಬಂದಾಗ ಅದರ ಕಪ್ಪು ಬಿಳಿ ಕೀಗಳನ್ನು ಆ ಉಗುರಿನಿಂದಲೇ ಒತ್ತಿ ನೋಡುತ್ತಿದ್ದರು, ಸೋರೆಕಾಯಿ ಎಳೆಯದೋ ಬಲಿತದ್ದೋ ಎಂದು ಸಂತೆಯಲ್ಲಿ ಉಗುರೂರಿ ನೋಡುವವರ ಹಾಗೆ. ಮೊದಲು ಟಿಕ್ ಎಂದು ಉಗುರಿನ ಸದ್ದು, ಆಮೇಲೆ ಸ್ವರ. ಹಾರ್ಮೋನಿಯಂ ನುಡಿಸುವವರ ಮನೆಯಲ್ಲಿ ಬೆಳೆದ ನನಗೆ ಅವರನ್ನು ಅಳೆಯಲು ಆ ಉಗುರೇ ಸಾಕಾಗಿತ್ತು. ವಾದ್ಯದ ಮೇಲೆ ದಿನವೂ ಓಡಾಡುವ ಕೈಯಲ್ಲಿ ಅಂಥದ್ದು ಉಳಿಯುವುದಿಲ್ಲ. ಷಡ್ಜ ಯಾವುದು ಪಂಚಮ ಯಾವುದು ಎಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿಯದ್ದರಿಂದ ಅವರಿಗೆ ಒಂದು ದಿನವೂ ತೊಂದರೆಯಾಗಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಜವಳಿ ಅಂಗಡಿ ಇತ್ತು. ಬಂಟ್ವಾಳದ ಇನ್ನೊಬ್ಬ ಜವಳಿ ವ್ಯಾಪಾರಿ ಆರ್ಕೆಸ್ಟ್ರಾ ಕಟ್ಟಿದ ಎಂದು ಗೊತ್ತಾದ ಮೇಲೆ ಇವರಿಗೆ ನಿದ್ದೆ ಬರಲಿಲ್ಲವಂತೆ. ಹಾಗೆ ಹುಟ್ಟಿದ್ದು ನಮ್ಮ ತಂಡ. ಮದುವೆಯ ಹಾಲ್‌ಗಳು, ಗಣೇಶೋತ್ಸವ, ಶಾಲೆಗಳ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ನಾವೆಲ್ಲ ಮಾತಾಡುತ್ತಿದ್ದದ್ದು ತುಳು. ಧನಿಗಳಿಗೆ ಮಾತ್ರ ಮೈಕಿನ ಚಟ ಹಿಡಿದು, ಸ್ಟೇಜಿನಿಂದ ಇಳಿದ ಮೇಲೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ. ಅವರ ತಲೆಯ ಮೇಲಿನಿಂದ, ಹಿಂದೆ ಎಲ್ಲೋ ಜನ ಸೇರಿದ್ದಾರೆ ಎಂಬಂತೆ ನೋಡುತ್ತಿದ್ದರು.

ಸಂಗೀತವೆಂದರೆ ಅವರಿಗೆ ಸೀರೆ. ಕೀಬೋರ್ಡಿನಲ್ಲಿ ಎಷ್ಟು ಬಗೆಯ ನಾದ ಬರುತ್ತದೆ ಎಂದು ಕೇಳಲು ಅವರಲ್ಲಿದ್ದ ಒಂದೇ ಪ್ರಶ್ನೆ, ‘ಇದರಲ್ಲಿ ಎಷ್ಟು ಡಿಸೈನ್ ಉಂಟು?’ ಹಾಡುವವರಿಗೆ ಅವರು ಕೊಡುತ್ತಿದ್ದ ಸಲಹೆಯೂ ಒಂದೇ: ಸ್ವಲ್ಪ ಶೈನಿಂಗ್ ಬರಲಿ. ಕಳೆದ ವರ್ಷದ ಸೀರೆ ಈ ವರ್ಷ ಹಳತಾಗುವ ಹಾಗೆ ಕಳೆದ ವರ್ಷದ ಕೀಬೋರ್ಡೂ ಹಳತಾಗಬೇಕು. ದೀಪಾವಳಿ ಕಳೆದು ಕಾರ್ಯಕ್ರಮಗಳು ಶುರುವಾಗುವ ಮೊದಲು ಗಲ್ಫಿನಿಂದ ಬಂದವರ ಕೈಯಲ್ಲಿ ಒಂದು ಹೊಸತು ಬರಲೇಬೇಕು. ಹಳೆಯದು ಅಂಗಡಿಯ ಅಟ್ಟಕ್ಕೆ ಹೋಗಿ, ಮಾರಾಟವಾಗದ ಬಟ್ಟೆಗಳ ಪಕ್ಕದಲ್ಲಿ ಧೂಳು ತಿನ್ನುತ್ತಿತ್ತು. ಪ್ರತಿ ಕಾರ್ಯಕ್ರಮದಲ್ಲೂ ಪ್ರಾರ್ಥನೆಗೆ ಮೊದಲು ಅವರು ಮೈಕ್ ಹಿಡಿದು, ನಮ್ಮಲ್ಲಿರುವುದು ಈ ವರ್ಷದ ನಂಬರ್ ಒನ್ ಕೀಬೋರ್ಡ್ ಎಂದು ಸಾರುತ್ತಿದ್ದರು. ನಂಬರ್ ಕೊಟ್ಟವರು ಯಾರು ಎಂದು ಸಭೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ನಾನು ಪುತ್ತಿಗೆಯವಳು. ಟೀಚರ್ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಅಪ್ಪ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು, ನನಗೂ ಕಲಿಸಿದ್ದರು. ಹುಡುಗಿ ಆರ್ಕೆಸ್ಟ್ರಾದಲ್ಲಿ ಹಾಡುವುದೆಂದರೆ ನೆಂಟರು ಮುಖ ತಿರುಗಿಸುವ ಕಾಲ. ಅಪ್ಪ ಒಪ್ಪಿದ್ದು ತಂಡದಲ್ಲಿ ತಬಲದ ಮಾಷ್ಟ್ರು ಇದ್ದಾರೆ ಎಂಬ ಧೈರ್ಯಕ್ಕೆ. ಅವರು ಅಪ್ಪನ ಜೊತೆ ಎಷ್ಟೋ ವರ್ಷ ಭಜನೆಯಲ್ಲಿ ಕೂತವರು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಮನೆಯ ಮೆಟ್ಟಿಲಿನ ತನಕ ಬಿಟ್ಟೇ ಹೋಗುತ್ತಿದ್ದರು. ಹಾಡುವಾಗ ನಾನು ಒಂದು ಸಾಲು ಮರೆತರೆ ಅವರ ತಬಲ ಆ ಜಾಗದಲ್ಲಿ ಏನೋ ಒಂದು ಮಾಡಿ, ಸಾಲು ನೆನಪಾಗುವವರೆಗೆ ನನ್ನನ್ನು ಕಾಯುತ್ತಿತ್ತು. ಕೇಳುವವರಿಗೆ ಅದು ಹಾಡಿನಲ್ಲಿಯೇ ಇದ್ದ ಹಾಗೆ ಇರುತ್ತಿತ್ತು.

ನಾನು ಸೇರಿದ ಎರಡನೆಯ ವರ್ಷ, ಕಾರ್ಯಕ್ರಮಗಳು ಶುರುವಾಗಲು ಸ್ವಲ್ಪವೇ ದಿನ ಇರುವಾಗ, ನಮ್ಮ ಕೀಬೋರ್ಡಿನ ಹುಡುಗ ವೀಸಾ ಬಂತೆಂದು ಮಸ್ಕತ್ತಿಗೆ ಹೋಗಿಬಿಟ್ಟ. ಅದೇ ವಾರ ತೋಡಾರಿನ ಬ್ಯಾರಿಯೊಬ್ಬರು ದುಬಾಯಿಯಿಂದ ರಜೆಯಲ್ಲಿ ಬಂದಿದ್ದಾರೆ, ಅವರಲ್ಲಿ ಎರಡು ಕೀಬೋರ್ಡು ಇದೆ ಎಂಬ ಸುದ್ದಿ ಅಂಗಡಿಗೆ ಬಂತು. ಧನಿಗಳು ತಬಲದ ಮಾಷ್ಟ್ರನ್ನೂ ನನ್ನನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೊರಟರು. ಕೀ ಒತ್ತಿ ತೋರಿಸಲು ಒಬ್ಬರು ಬೇಕಲ್ಲ, ಅದಕ್ಕೆ ನಾನು.

ತೋಡಾರಿನ ಆ ಮನೆಯವರು ನಮಗೆ ಚಹಾ ಕೊಟ್ಟು, ಚಾವಡಿಯ ಮಂಚದ ಮೇಲೆ ಎರಡನ್ನೂ ಇಟ್ಟರು. ಒಂದು ಕಪ್ಪಗೆ, ಭಾರವಾಗಿ, ನೋಡಲು ಏನೂ ಇಲ್ಲದ್ದು. ಇನ್ನೊಂದರ ಮೈತುಂಬ ಬಣ್ಣಬಣ್ಣದ ಬಟನ್‌ಗಳು, ಒತ್ತಿದಲ್ಲೆಲ್ಲ ಹೊತ್ತಿಕೊಳ್ಳುವ ಕೆಂಪು ಹಸಿರು ದೀಪಗಳು. ಕೀಗಳು ಮಾತ್ರ ಮಕ್ಕಳ ಬೆರಳಿಗೆ ಅಳೆದು ಮಾಡಿದಷ್ಟು ಸಪೂರ.

ನಾನು ಮೊದಲು ಕಪ್ಪನೆಯದರ ಮುಂದೆ ಕೂತು ಅಪ್ಪನ ಒಂದು ಭಜನೆ ನುಡಿಸಿದೆ. ಬೆರಳನ್ನು ಮೆಲ್ಲಗೆ ಇಟ್ಟರೆ ಸ್ವರ ಮೆಲ್ಲಗೆ ಬರುತ್ತಿತ್ತು, ಒತ್ತಿದರೆ ಏರುತ್ತಿತ್ತು. ಹಾರ್ಮೋನಿಯಂನಲ್ಲಿ ಎಡಗೈಯ ತಿದಿ ಮಾಡುವ ಕೆಲಸವನ್ನು ಅಲ್ಲಿ ಪ್ರತಿ ಬೆರಳೂ ತಾನೇ ಮಾಡುತ್ತಿತ್ತು. ನಾನು ನಿಲ್ಲಿಸಿ ಕೈ ತೆಗೆದು, ಮತ್ತೆ ಇಟ್ಟೆ. ನನ್ನ ಇಪ್ಪತ್ತೆರಡು ವರ್ಷದ ಬದುಕಿನಲ್ಲಿ ಯಾವ ವಸ್ತುವನ್ನೂ ನಾನು ಅಷ್ಟು ಬಯಸಿರಲಿಲ್ಲ. ಮಾಷ್ಟ್ರು ಮಂಚದ ಅಂಚಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು.

ಧನಿಗಳು ಡಿಸೈನ್ ಎಷ್ಟೆಂದು ಕೇಳಿದರು. ಕಪ್ಪನೆಯದರಲ್ಲಿ ಕಡಿಮೆ, ದೀಪದ್ದರಲ್ಲಿ ಅದರ ಮೂರು ಪಟ್ಟು. ಬ್ಯಾರಿಯವರು ಒಳ್ಳೆಯ ಮನುಷ್ಯರು, ಮುಚ್ಚಿಡಲಿಲ್ಲ.

“ಧನಿಗಳೇ, ಪ್ರೋಗ್ರಾಮ್ ಮಾಡುವವರದ್ದು ಈ ಕಪ್ಪು. ಅದು ತಂಗಿಯ ಮಕ್ಕಳಿಗೆ ಆಡ್ಲಿಕ್ಕೆ ಅಂತ ತಂದದ್ದು.”

ಧನಿಗಳು ನಕ್ಕರು. ಉಗುರಿನಿಂದ ದೀಪದ ಕೀಬೋರ್ಡಿನ ಒಂದು ಬಟನ್ ಒತ್ತಿದರು. ಅದರೊಳಗಿನಿಂದ ಡ್ರಮ್ಮಿನ ಸದ್ದು ತಾನಾಗಿ ಶುರುವಾಯಿತು. ಇನ್ನೊಂದು ಒತ್ತಿದರು, ತಬಲದಂಥ ಏನೋ ಒಂದು, ತಗಡಿನ ಡಬ್ಬಿಗೆ ಕಡ್ಡಿಯಲ್ಲಿ ಬಡಿದ ಹಾಗೆ, ಏಕತಾನವಾಗಿ ಬಡಿಯತೊಡಗಿತು. ಅವರು ಮೊದಲು ಅದನ್ನು ನೋಡಿದರು. ಆಮೇಲೆ ಮಾಷ್ಟ್ರನ್ನು ನೋಡಿದರು. ಯಾವಾಗಲೂ ತಲೆಯ ಮೇಲಿನಿಂದ ನೋಡುವ ಮನುಷ್ಯ ಅವತ್ತು ನೇರ ಮುಖವನ್ನೇ ನೋಡಿದ್ದರು.

“ಹಾಗಾದ್ರೆ ಇನ್ನು ತಬಲ ಯಾಕೆ?” ಎಂದರು.

ಕೋಪದಿಂದ ಹೇಳಿದ್ದಲ್ಲ. ಅಂಗಡಿಯಲ್ಲಿ ಹಳೆಯ ಸ್ಟಾಕನ್ನು ಕಂಡು ಹೇಳುವ ದನಿ. ಮಾಷ್ಟ್ರ ಬೆರಳು ಮಂಚದ ಅಂಚಿನಲ್ಲಿ ನಿಂತಿತು. ಬ್ಯಾರಿಯವರು ಎದ್ದು ಹೋಗಿ ಆ ಬಟನ್ ಆರಿಸಿದರು. ಒಬ್ಬ ಹಿರಿಯರ ಎದುರು ಆ ಸದ್ದು ಕೇಳಿಸಿದ್ದಕ್ಕೆ ಅವರಿಗೆ ನಾಚಿಕೆಯಾಗಿರಬೇಕು. ಧನಿಗಳಿಗೆ ಆಗಲಿಲ್ಲ.

ತಂಗಿಯ ಮಕ್ಕಳ ಆಟಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ವಾಪಸು ಬರುವಾಗ ಅವರು ದಾರಿಯುದ್ದಕ್ಕೂ ತಮ್ಮ ಜಾಣತನವನ್ನು ವಿವರಿಸಿದರು. ಒಳ್ಳೆಯದನ್ನು ಮನೆಗೆ ಇಟ್ಟುಕೊಂಡು ಬೋಳು ಮಾಲನ್ನು ತಮ್ಮ ತಲೆಗೆ ಕಟ್ಟಲು ನೋಡಿದನಂತೆ ಆ ಮನುಷ್ಯ. ಇಷ್ಟು ವರ್ಷ ಸೀರೆ ಮಾರಿದ ತಮಗೆ ಆ ಉಪಾಯ ಗೊತ್ತಿಲ್ಲವೇ? ಗೊತ್ತಿದ್ದದ್ದು ಅದೊಂದೇ. ತಾವು ದಿನವೂ ಮಾಡುವುದನ್ನೇ ಲೋಕವೆಲ್ಲ ಮಾಡುತ್ತದೆ ಎಂದು ಅವರು ನಂಬಿದ್ದರು. ಬಸದಿಗೆ ಹೋಗುವ ದಾರಿಯ ಹತ್ತಿರ ಮಾಷ್ಟ್ರನ್ನು ಇಳಿಸುವಾಗ, ಈ ವರ್ಷಕ್ಕೆ ನೀವು ಬರುವುದು ಬೇಡ ಎಂದರು. ಮಾಷ್ಟ್ರು ಆಗಲಿ ಎಂದು ವ್ಯಾನಿನ ಬಾಗಿಲು ಮೆಲ್ಲಗೆ ಹಾಕಿದರು.

ಕೀಬೋರ್ಡಿಗೆ ಯಾರು ಎಂಬ ಪ್ರಶ್ನೆ ಉಳಿದಿತ್ತು. ಮಂಗಳೂರಿನಿಂದ ಕರೆಸುವಷ್ಟು ಸಮಯ ಇರಲಿಲ್ಲ.

“ನೀನೇ ಒತ್ತು ಮಾರಾಯ್ತಿ,” ಎಂದರು ಧನಿಗಳು. “ಹುಡುಗಿ ಬಟನ್ ಒತ್ತುತ್ತಾಳೆ ಅಂದ್ರೆ ಜನ ನೋಡ್ಲಿಕ್ಕೆ ಆದ್ರೂ ಬರ್ತಾರೆ.”

ನನ್ನ ಬದುಕನ್ನು ತಿರುಗಿಸಿದ ಮಾತು ಇದೇ. ಇದರಲ್ಲಿ ನನ್ನ ಕೈಯ ಬಗ್ಗೆ, ಕಿವಿಯ ಬಗ್ಗೆ, ಅಪ್ಪ ಕಲಿಸಿದ್ದರ ಬಗ್ಗೆ ಒಂದು ಶಬ್ದವೂ ಇಲ್ಲ. ಮಾಷ್ಟ್ರಿಲ್ಲದ ತಂಡಕ್ಕೆ ನಾನು ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ಅಪ್ಪನೂ ಹೂಂ ಎಂದರು. ಮರುದಿನ ಮಾಷ್ಟ್ರೇ ನಮ್ಮ ಮನೆಗೆ ಬಂದರು. ಅವರಿಗೆ ತುಂಬ ಹೊತ್ತು ಮಾತಾಡುವ ಅಭ್ಯಾಸ ಇರಲಿಲ್ಲ.

“ಆ ಜನದ ಮೇಲಿನ ಸಿಟ್ಟಿಗೆ ನೀನು ವಾದ್ಯ ಬಿಡುವುದಾ? ಹೋಗು. ಕರ್ಕೊಂಡು ಬರ್ಲಿಕ್ಕೆ ನಾನೇ ಬರ್ತೇನೆ.”

ಹಾಗೆ ಆ ವರ್ಷ ಅವರು ಸ್ಟೇಜಿಗೆ ಬರಲಿಲ್ಲ; ದೂರದ ಊರಾದರೆ ವ್ಯಾನಿನಲ್ಲಿ ನನ್ನ ಜೊತೆ ಬಂದು, ಸಭೆಯ ಕೊನೆಯ ಕುರ್ಚಿಯಲ್ಲಿ ಕೂತು, ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಮನೆಗೆ ಬಿಡುತ್ತಿದ್ದರು. ಅದೇ ವ್ಯಾನಿನ ಮುಂದಿನ ಸೀಟಿನಲ್ಲಿ ಧನಿಗಳು ಇರುತ್ತಿದ್ದರು. ಒಂದು ದಿನವೂ ತಿರುಗಿ ನೋಡಿ ಊಟ ಆಯಿತೇ ಎಂದು ಕೇಳಿದವರಲ್ಲ.

ಬೆಳ್ತಂಗಡಿಯ ಕಾರ್ಯಕ್ರಮದಲ್ಲಿ ಒಂದು ಘಟನೆ ನಡೆಯಿತು. ಸಂಜೆ ಸಾಮಾನು ಇಳಿಸುತ್ತಿದ್ದಾಗ ಸಮಿತಿಯವರು ಬಂದು ಧನಿಗಳನ್ನು ಪಕ್ಕಕ್ಕೆ ಕರೆದರು. ನಾನು ವಯರು ಜೋಡಿಸುತ್ತ ಹತ್ತಿರದಲ್ಲೇ ಇದ್ದೆ. ಹುಡುಗಿ ಹಾಡಿದರೆ ಅಡ್ಡಿಯಿಲ್ಲ, ಹಾಡು ಮುಗಿಸಿ ಒಳಗೆ ಹೋಗುತ್ತಾಳೆ. ಆದರೆ ಗಂಡಸರ ನಡುವೆ ಮೂರು ತಾಸು ಎದುರಿಗೇ ಕೂತು ವಾದ್ಯ ಬಾರಿಸುವುದು ನಮ್ಮ ಊರಿಗೆ ಸರಿ ಕಾಣುವುದಿಲ್ಲ, ಅವಳನ್ನು ಪರದೆಯ ಹಿಂದೆ ಕೂರಿಸಿ ಎಂದರು. ಬೆಳ್ತಂಗಡಿಯಲ್ಲಿ ಒಮ್ಮೆ ಪರದೆಯ ಹಿಂದೆ ಕೂತರೆ ಮುಂದೆ ಎಲ್ಲ ಊರಿನಲ್ಲೂ ಅದೇ ಜಾಗ ಎಂಬುದು ನನಗೆ ಅಲ್ಲಿಯೇ ಹೊಳೆಯಿತು. ಈ ಮನುಷ್ಯ ನನಗಾಗಿ ಒಂದು ಮಾತೂ ಆಡುವುದಿಲ್ಲ ಎಂಬುದೂ ಗೊತ್ತಿತ್ತು.

ಆಡಲಿಲ್ಲ. ಅವರು ಆಡಿದ್ದು ಕೀಬೋರ್ಡಿಗಾಗಿ.

“ಈ ವರ್ಷದ ನಂಬರ್ ಒನ್ ಕೀಬೋರ್ಡನ್ನು ಪರದೆ ಹಿಂದೆ ಇಡ್ಲಿಕ್ಕೆ ನಾನು ತಂದದ್ದಲ್ಲ. ಅದು ಎದುರು ಇರ್ಬೇಕು. ಅದು ಎದುರು ಇದ್ರೆ ಒತ್ತುವವರೂ ಎದುರೇ. ಬೇಡ ಅಂದ್ರೆ ಹೇಳಿ, ನಾವು ಹೊರಡುವ.”

ಸಮಿತಿಯವರು ಪರಿಪರಿಯಾಗಿ ಹೇಳಿದರು. ಧನಿಗಳು ಅವರ ತಲೆಯ ಮೇಲಿನಿಂದ ಎಲ್ಲೋ ನೋಡುತ್ತ, ಹುಡುಗರಿಗೆ ಸಾಮಾನು ವ್ಯಾನಿಗೆ ತುಂಬಲು ಹೇಳಿದರು. ಎರಡು ಪೆಟ್ಟಿಗೆ ತುಂಬಿಯೂ ಆಯಿತು. ಕೊನೆಗೆ ಸಮಿತಿಯವರೇ ಸೋತರು. ನಾನು ಸ್ಟೇಜಿನ ಎದುರುಗಡೆ, ದೀಪಗಳು ಜನರಿಗೆ ಕಾಣಲಿ ಎಂದು ಧನಿಗಳು ಓರೆಯಾಗಿ ನಿಲ್ಲಿಸಿದ ಮಕ್ಕಳ ಆಟಿಕೆಯ ಮುಂದೆ, ಮೂರು ತಾಸು ಕೂತು ನುಡಿಸಿದೆ. ಆಮೇಲೆ ಯಾವ ಊರಿನಲ್ಲೂ ಯಾರೂ ಪರದೆಯ ಮಾತೆತ್ತಲಿಲ್ಲ.

ಬಂಟ್ವಾಳದಲ್ಲಿ ಆಟಿಕೆ ತನ್ನ ಬುದ್ಧಿ ತೋರಿಸಿತು. ಹಾಡುತ್ತಿದ್ದ ಹುಡುಗ ಒಂದು ಸಾಲು ಮರೆತು ನಿಂತ. ಒಳಗಿನ ಯಂತ್ರದ ತಬಲ ಯಾರಿಗೂ ಕಾಯಲಿಲ್ಲ. ಅವನು ಅದನ್ನು ಹಿಡಿಯಲು ಓಡಿದ, ತಪ್ಪಿದ, ಮತ್ತೆ ಓಡಿದ. ಸಭೆಯಲ್ಲಿ ನಗೆ ಶುರುವಾಯಿತು. ನಾನು ಅದನ್ನು ಆರಿಸಿ, ಬರೀ ಸ್ವರದಿಂದ ಅವನನ್ನು ಹೇಗೋ ದಡ ಮುಟ್ಟಿಸಿದೆ. ಧನಿಗಳು ಬದಿಯಲ್ಲಿ ನಿಂತು, ಸೌಂಡ್ ಜಾಸ್ತಿ ಮಾಡು ಎಂದು ಕೈಸನ್ನೆ ಮಾಡುತ್ತಿದ್ದರು. ಮುಗಿದ ಮೇಲೆ ನಾನು ನೇರವಾಗಿ, ಮಾಷ್ಟ್ರು ಇಲ್ಲೇ ಇದ್ದಾರೆ, ನಾಳೆಯಿಂದ ಅವರನ್ನು ಕೂರಿಸುವ ಎಂದೆ. ಅವರು ನನ್ನನ್ನು ಏನೂ ಅರಿಯದ ಮಗುವಿನಂತೆ ನೋಡಿದರು.

“ತಬಲಕ್ಕೆ ಲೈಟ್ ಉಂಟಾ?”

ಇಂಥ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೊತ್ತು ತಿರುಗುವ ಮನುಷ್ಯನ ಜೊತೆ ಮಾತಾಡುವುದೇ ವ್ಯರ್ಥ ಎಂದು ನನಗೆ ಖಚಿತವಾಯಿತು. ಮುಂದಿನ ವರ್ಷ ಅವರು ಇನ್ನೂ ಹೆಚ್ಚು ದೀಪಗಳಿದ್ದ ಒಂದನ್ನು ತಂದರು. ಅದರ ಮುಂದಿನ ವರ್ಷ ಮತ್ತೊಂದು. ಒಂದಕ್ಕಿಂತ ಒಂದು ಕೆಟ್ಟದ್ದು. ಆ ಕೆಟ್ಟ ಕೀಬೋರ್ಡುಗಳ ಮೇಲೆಯೇ ನಾನು ಕಲಿತೆ. ಸಪೂರ ಕೀಗಳಲ್ಲಿ ಬೆರಳು ಮಡಚಿ, ಇಲ್ಲದ ಏರಿಳಿತವನ್ನು ಬೇರೆ ದಾರಿಯಿಂದ ತರಿಸಿ, ಯಂತ್ರದ ತಾಳವನ್ನು ಸಾಧ್ಯವಾದಲ್ಲೆಲ್ಲ ಆರಿಸಿ.

ನನಗೆ ಕೆಲಸ ಸಿಕ್ಕಿದ ವರ್ಷ ತಂಡ ಬಿಟ್ಟೆ. ಸ್ವಲ್ಪ ಕಾಲದಲ್ಲೇ ತಂಡವೂ ಮುರಿಯಿತು. ಮಾಷ್ಟ್ರು ತೀರಿಕೊಂಡಾಗ ಅಪ್ಪ ಹೆಗಲು ಕೊಟ್ಟರು, ನಾವು ತಂಡದ ಹಳಬರೆಲ್ಲ ಹೋಗಿದ್ದೆವು. ಧನಿಗಳ ಅಂಗಡಿಯಿಂದ ಮಾಷ್ಟ್ರ ಮನೆಗೆ ನಡೆದು ಹೋಗುವಷ್ಟೇ ದೂರ. ಅಂಗಡಿ ತೆರೆದಿತ್ತು. ಅವರು ಬರಲಿಲ್ಲ. ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಶಾಲೆಯ ಕೆಲಸದ ಜೊತೆ ಸಂಜೆ ಮಕ್ಕಳಿಗೆ ಕೀಬೋರ್ಡು ಹೇಳಿಕೊಡತೊಡಗಿದೆ. ಮೊದಲು ಬಂದವರೆಲ್ಲ ಹುಡುಗಿಯರು. ತಾಯಂದಿರು ಕರೆತಂದು, ನಿಮ್ಮನ್ನು ಬೆಳ್ತಂಗಡಿಯಲ್ಲಿ ನೋಡಿದ್ದೇವೆ, ಬಂಟ್ವಾಳದಲ್ಲಿ ನೋಡಿದ್ದೇವೆ ಎನ್ನುತ್ತಿದ್ದರು. ಕೇಳಿದ್ದೇವೆ ಎಂದವರು ಕಡಿಮೆ. ನೋಡಿದ್ದೇವೆ ಎಂದೇ ಎಲ್ಲರೂ ಹೇಳುತ್ತಿದ್ದದ್ದು.

ಕೆಲವು ವರ್ಷಗಳ ಬಳಿಕ ಧನಿಗಳೂ ತೀರಿಕೊಂಡರು. ಅವರ ಮನೆಗೆ ಹೋಗುವುದೋ ಬೇಡವೋ ಎಂದು ನಾನು ತುಂಬ ಹೊತ್ತು ಯೋಚಿಸಿ, ಕೊನೆಗೆ ಹೋದೆ. ಚಾವಡಿಯ ತುಂಬ ಜವಳಿ ವ್ಯಾಪಾರಿಗಳು, ನೆಂಟರು. ಅವರ ಹೆಂಡತಿ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. ಈಕೆಯನ್ನು ತಯಾರು ಮಾಡಿದ್ದು ನಾನು ಎಂದು ನಮ್ಮವರು ಎಲ್ಲರಲ್ಲೂ ಹೇಳುತ್ತಿದ್ದರು, ಅಲ್ಲವಾ ಟೀಚರ್ ಎಂದು ಕೇಳಿದರು. ಚಾವಡಿಯಲ್ಲಿ ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ನನ್ನನ್ನು ತಯಾರು ಮಾಡಿದವರು ಅಪ್ಪ, ಕಾಪಾಡಿದವರು ಮಾಷ್ಟ್ರು. ಈ ಮನುಷ್ಯನಿಗೆ ನಾನು ನುಡಿಸಿದ್ದು ಒಂದು ದಿನವೂ ಕೇಳಿಸಿರಲಿಲ್ಲ.

“ನನ್ನನ್ನು ಎದುರು ಕೂರಿಸಿದ್ದು ಅವರೇ ಅಮ್ಮ,” ಎಂದೆ.

ಅದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸು ಬರಲಿಲ್ಲ. ಕಡಿಮೆ ಹೇಳಲು ಆಗುವಂತೆಯೂ ಇರಲಿಲ್ಲ.