ಹೆಸರಿಲ್ಲದ ಟ್ಯೂಬುಗಳು

ಮಿದುಳಿನ ನರಗಳು ಸವೆಯತೊಡಗಿದರೆ ರಕ್ತದಲ್ಲೇ ಅದರ ಸುಳಿವು ಹಿಡಿಯುವ ಪರೀಕ್ಷೆಯನ್ನು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ನಮ್ಮ ಲ್ಯಾಬಿನಲ್ಲಿ ಸಿದ್ಧಪಡಿಸುತ್ತಿದ್ದೆವು. ಹಿಂದೆ ಹುಬ್ಬಳ್ಳಿಯಲ್ಲಿ ಇಂಥದೇ ತಪಾಸಣೆಗೆ ಅಪ್ಪನ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದಾಗ ಕೈ ಹಿಡಿದು ಕೂತವಳು ಅವ್ವ. ಹಾಗಾಗಿ ಹೋಲಿಕೆಗೆಂದು ಆರೋಗ್ಯವಂತ ಹಿರಿಯರ ರಕ್ತ ಬೇಕಾದಾಗ, ನನ್ನ ಮನೆಗೆ ಬಂದಿದ್ದ ಅವಳು ತಾನೇ ತೋಳು ಚಾಚಿದಳು. ಆಮೇಲೆ ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, “ನನ್ನ ಮಗಳ ಮಷೀನಿಗೆ ನನ್ನ ರಕ್ತಾನೇ ಹೋಗೇತಿ” ಎಂದು ಸಾರಿದಳು. ನಾನು ನಾಚಿಕೊಂಡಂತೆ ನಟಿಸಿದೆ.

ಕಾರು ಹತ್ತಿದ ಮೇಲೆ ಕೇಳಿದಳು: “ನಂದು ರಿಪೋರ್ಟ್ ಹೆಂಗ ಬಂತು?”

“ಟ್ಯೂಬಿನ ಮ್ಯಾಲೆ ಬರೇ ನಂಬರ್ ಇರತೈತಿ. ಯಾವುದು ನಿಂದು ಅಂತ ನನಗ ಗೊತ್ತಾಗಬಾರದವ್ವ, ಅದು ರೂಲ್ಸು.”

ಅವ್ವ ಸೀಟ್‌ಬೆಲ್ಟ್ ಎಳೆದು ಹಾಕಿಕೊಂಡಳು.

“ಹಂಗಾದ್ರ ಎಲ್ಲಾ ನಂದೇ ಅಂತ ತಿಳಕೊಂಡು ನೋಡು.”